ಎರಡು ಅಕ್ಟೋಬರ್‌ಗಳ ನಡುವೆ ವಾಡಿ ಜಂಕ್ಷನ್

1922ರ ಅಕ್ಟೋಬರ್ 28ರ ಬೆಳಿಗ್ಗೆ ಇಟಲಿಯ ಪ್ರಧಾನಿ ಲುಯಿಜಿ ಫಾಕ್ತಾ ಒಂದು ಆದೇಶ ಬರೆಸಿಕೊಂಡು ಅರಮನೆಗೆ ಹೋದರು. ಕರಿ ಅಂಗಿಯ ಫ್ಯಾಸಿಸ್ಟ್ ದಂಡು ರೋಮಿನತ್ತ ಹೊರಟಿತ್ತು. ತಡೆಯಬೇಕಾದರೆ ಸೈನ್ಯಾಡಳಿತ ಹೇರಬೇಕು, ಅದಕ್ಕೆ ದೊರೆಯ ರುಜು ಬೀಳಬೇಕು. ದೊರೆ ಮೂರನೆಯ ವಿಕ್ಟರ್ ಇಮ್ಯಾನುಯೆಲ್ ರುಜು ಹಾಕಲಿಲ್ಲ. ದಂಡು ಎನ್ನುವಷ್ಟು ದೊಡ್ಡದೇನೂ ಆಗಿರಲಿಲ್ಲ ಅದು. ಮಳೆಯಲ್ಲಿ ತೊಯ್ದು, ಸರಿಯಾದ ಆಯುಧವಿಲ್ಲದೆ ಊರ ಹೊರಗೆ ನಿಂತಿದ್ದ ಜನ. ರೋಮಿನ ಸೈನ್ಯ ಮನಸ್ಸು ಮಾಡಿದ್ದರೆ ಚದುರಿಸುವುದು ಕಷ್ಟವಿರಲಿಲ್ಲ. ಮುಸೊಲಿನಿಯಂತೂ ಆ ದಂಡಿನ ಜೊತೆ ಇರಲೇ ಇಲ್ಲ. ಮಿಲಾನಿನಲ್ಲಿ ಕೂತಿದ್ದವನು ದೊರೆಯ ಕರೆ ಬಂದ ಮೇಲೆ ರಾತ್ರಿ ರೈಲು ಹತ್ತಿ, 30ರ ಬೆಳಿಗ್ಗೆ ರೋಮಿನಲ್ಲಿ ಇಳಿದು ಪ್ರಧಾನಿಯಾದ.

ಇದಾಗಿ ಇಪ್ಪತ್ತೈದು ವರ್ಷಕ್ಕೆ ಒಂದು ದಿನ ಕಡಿಮೆ ಇರುವಾಗ, 1947ರ ಅಕ್ಟೋಬರ್ 27ರ ನಸುಕಿನಲ್ಲಿ, ಹೈದರಾಬಾದಿನ ಬೀದಿಗಳಿಗೆ ಇನ್ನೊಂದು ಗುಂಪು ಇಳಿಯಿತು. ಭಾರತದ ಜೊತೆ ಯಥಾಸ್ಥಿತಿ ಒಪ್ಪಂದಕ್ಕಾಗಿ ನಿಜಾಮನ ನಿಯೋಗ ಆ ಬೆಳಿಗ್ಗೆ ದಿಲ್ಲಿಗೆ ಹೊರಡಬೇಕಿತ್ತು. ಪ್ರಧಾನಿ ಛತಾರಿ ನವಾಬ, ಕಾನೂನು ಸಲಹೆಗಾರ ಸರ್ ವಾಲ್ಟರ್ ಮಾಂಕ್ಟನ್ ಮೊದಲಾದವರ ಮನೆಗಳನ್ನು ಜನ ಮುತ್ತಿ ನಿಂತರು. ಪೊಲೀಸರು ಕೈಕಟ್ಟಿ ನೋಡಿದರು. ಕೊನೆಗೆ ಸೈನ್ಯ ಬಂದು ಬಿಡಿಸಬೇಕಾಯಿತು. ಗುಂಪಿನ ನಾಯಕ, ರಜಾಕಾರರ ಮುಂದಾಳು ಖಾಸಿಂ ರಜ್ವಿ ಲಾತೂರಿನ ವಕೀಲ. ಸರಕಾರದಲ್ಲಿ ಯಾವ ಹುದ್ದೆಯೂ ಇಲ್ಲದವನು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವನನ್ನು ಜೈಲಿಗೆ ಕಳಿಸಬಹುದಿತ್ತು. ಕಳಿಸಲಿಲ್ಲ. ಕರೆಸಿ ಮಾತಾಡಿ, ತನ್ನದೇ ನಿಯೋಗವನ್ನು ಕೈಬಿಟ್ಟು ಬೇರೆ ನಿಯೋಗ ಕಟ್ಟಿದ. ಛತಾರಿ ರಾಜೀನಾಮೆ ಕೊಟ್ಟು ನಡೆದರು.

ಫ್ಯಾಸಿಸಂ ಎಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಹತ್ತನೇ ತರಗತಿಯ ಒಂದು ಪಾಠ: ವರ್ಸೇಲ್ಸ್ ಒಪ್ಪಂದ, ಹಿಟ್ಲರ್, ಪೋಲೆಂಡ್, ಪರೀಕ್ಷೆಯ ಒಂದು ಪ್ರಶ್ನೆ. ಅದೇ ಪುಸ್ತಕದ ಇನ್ನೊಂದು ಕಡೆ ಹೈದರಾಬಾದ್ ವಿಲೀನ ಬರುತ್ತದೆ. ಎರಡನ್ನೂ ಜೋಡಿಸಿ ಓದುವವರು ಕಡಿಮೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ಹಿರಿಯರು ‘ರಜಾಕಾರರ ಗದ್ದಲ’ ಎಂದು ಕರೆಯುತ್ತ ಬಂದ ಕಾಲ, ಯುರೋಪು ಕಂಡ ಕಾಲದ ದೂರದ ಪ್ರತಿಧ್ವನಿಯಲ್ಲ. ಅದೇ ಗಾಳಿಯಲ್ಲಿ ಬೆಳೆದದ್ದು.

ಆ ಗಾಳಿ ಈ ಸೀಮೆಗೆ ತಲುಪಿದ್ದು ಹಳಿಯ ಮೇಲೆ ಎಂದರೂ ತಪ್ಪಲ್ಲ. ಬಾಂಬೆಯಿಂದ ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿ ದಾಟಿ ರಾಯಚೂರಿಗೆ ಹೋಗುವ ಹಳಿ ಬ್ರಿಟಿಷರದು, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯದು. 1874ರಲ್ಲಿ ವಾಡಿಯಿಂದ ಪೂರ್ವಕ್ಕೆ ನಿಜಾಮನ ಹಳಿ ಶುರುವಾಯಿತು: ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್, ಸಿಕಂದರಾಬಾದ್. ಹೀಗೆ ಸುಣ್ಣಕಲ್ಲಿನ ಬಯಲಲ್ಲಿದ್ದ ಒಂದು ಸಣ್ಣ ಊರು ನಿಜಾಮ ರಾಜ್ಯದ ಪಶ್ಚಿಮದ ಬಾಗಿಲಾಯಿತು. ಬಾಂಬೆಯ ಪತ್ರಿಕೆ, ಸೊಲ್ಲಾಪುರದ ಗಿರಣಿಯ ಸುದ್ದಿ, ಖಾದಿ, ಕರಪತ್ರ ಎಲ್ಲ ಇಳಿಯುತ್ತಿದ್ದದ್ದು ಇಲ್ಲಿ. ಶಹಾಬಾದಿನ ಫರಸಿ ಕಲ್ಲು ಇದೇ ಹಳಿ ಹಿಡಿದು ದೇಶದ ತುಂಬ ಹೋಯಿತು. 1920ರ ದಶಕದಲ್ಲಿ ಅಲ್ಲಿ ಸಿಮೆಂಟ್ ಕಾರ್ಖಾನೆ ಎದ್ದು, 1936ರಲ್ಲಿ ಎಸಿಸಿಯಲ್ಲಿ ವಿಲೀನವಾಯಿತು. ಚಿಂಚೋಳಿಗೆ ಮಾತ್ರ ರೈಲೂ ಇರಲಿಲ್ಲ, ಗಿರಣಿಯೂ ಇರಲಿಲ್ಲ. ಮುಲ್ಲಾಮಾರಿ ಹೊಳೆಯ ಆ ಸೀಮೆಯಲ್ಲಿ ತೊಗರಿ, ಜೋಳ, ಕಾಡು.

ಆಡಳಿತ ಉರ್ದುವಿನಲ್ಲಿ, ಜನ ಕನ್ನಡದಲ್ಲಿ. ಸೇಡಂನಿಂದ ಪೂರ್ವಕ್ಕೆ ಹೋದರೆ ತೆಲುಗೂ ಬೆರೆಯುತ್ತದೆ. ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯ ಪ್ರಕಾರ ಸಭೆ ನಡೆಸಲು ಸರಕಾರದ ಅಪ್ಪಣೆ ಬೇಕಿತ್ತು. ಹಾಗಂತ ಆ ಕಾಲದ ನಿಜಾಮನನ್ನು ಫ್ಯಾಸಿಸ್ಟ್ ಎಂದರೆ ಅದು ಸೋಮಾರಿ ಮಾತು. ಉಸ್ಮಾನಿಯಾ ವಿಶ್ವವಿದ್ಯಾಲಯ ಕಟ್ಟಿಸಿದ, ಅಣೆಕಟ್ಟು ಕಟ್ಟಿಸಿದ, 1937ರಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಲೋಕದ ಅತಿ ಶ್ರೀಮಂತನಾಗಿ ಮೂಡಿದ ಆತ ಹಳೆಯ ಕಾಲದ ಏಕಾಧಿಪತಿ. ಪ್ರಜೆಗಳು ಸುಮ್ಮನಿದ್ದರೆ ಸಾಕು ಎನ್ನುವವನು. ಫ್ಯಾಸಿಸ್ಟ್ ಸರ್ವಾಧಿಕಾರಿಗೆ ಸುಮ್ಮನಿರುವವರು ಸಾಲದು. ಅವನಿಗೆ ಅಂಗಿ ತೊಟ್ಟು, ಸಾಲು ಕಟ್ಟಿ, ಕೂಗುವವರು ಬೇಕು. ಮೊದಲನೆಯ ಬಗೆಯ ದೊರೆ ಎರಡನೆಯ ಬಗೆಯ ಜನರನ್ನು ಯಾವಾಗ, ಯಾಕೆ ಬಾಡಿಗೆಗೆ ಹಿಡಿಯುತ್ತಾನೆ ಎಂಬುದೇ ಇಲ್ಲಿಯ ಕಥೆ.

1930ರ ದಶಕದಲ್ಲಿ ಅಂಗಿಯ ಹುಚ್ಚು ಯುರೋಪಿಗಷ್ಟೇ ಸೀಮಿತವಾಗಿರಲಿಲ್ಲ. 1931ರಲ್ಲಿ ಲಾಹೋರಿನಲ್ಲಿ ಇನಾಯತುಲ್ಲಾ ಮಶ್ರಿಕಿ ಖಾಕ್ಸಾರ್ ಚಳವಳಿ ಕಟ್ಟಿದ. ಖಾಕಿ ಉಡುಪು, ಹೆಗಲ ಮೇಲೆ ಸನಿಕೆ, ಕವಾಯತು, ನಾಯಕನಿಗೆ ಎದುರಾಡದ ವಿಧೇಯತೆ. ತಾನು ಹಿಟ್ಲರನನ್ನು ಕಂಡಿದ್ದೇನೆಂದು ಆತ ಹೇಳಿಕೊಳ್ಳುತ್ತಿದ್ದ. ಅದೇ ವರ್ಷ ಮಾರ್ಚಿನಲ್ಲಿ ಹಿಂದೂ ಮಹಾಸಭಾದ ಡಾ. ಬಿ.ಎಸ್. ಮೂಂಜೆ ರೋಮಿಗೆ ಹೋಗಿ ಮುಸೊಲಿನಿಯನ್ನೇ ಭೇಟಿಯಾಗಿ, ಮಕ್ಕಳಿಗೆ ಕವಾಯತು ಕಲಿಸುವ ಬಲಿಲ್ಲಾ ಸಂಸ್ಥೆಯನ್ನು ನೋಡಿ ಮೆಚ್ಚಿ ಬಂದರು. ಮುಂದೆ ನಾಸಿಕದಲ್ಲಿ ಭೋನ್ಸಲಾ ಮಿಲಿಟರಿ ಶಾಲೆ ತೆರೆದರು. ಒಬ್ಬರಿಗೊಬ್ಬರು ಆಗದವರು ಒಂದೇ ಅಂಗಡಿಯಲ್ಲಿ ಬಟ್ಟೆ ಕೊಂಡಿದ್ದರು.

ಹೈದರಾಬಾದಿನಲ್ಲಿ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಹುಟ್ಟಿದ್ದು 1927ರಲ್ಲಿ. 1938ರಲ್ಲಿ ಅದರ ಅಧ್ಯಕ್ಷರಾದ ಬಹಾದೂರ್ ಯಾರ್ ಜಂಗ್ ಅಸಾಧಾರಣ ಭಾಷಣಕಾರ, ಖಾಕ್ಸಾರರ ಜೊತೆಗೂ ಬೆರೆತವರು. ಅವರು ಜನಪ್ರಿಯಗೊಳಿಸಿದ ವಿಚಾರ ಸರಳ: ರಾಜ್ಯದ ಒಡೆತನ ನಿಜಾಮನೊಬ್ಬನದಲ್ಲ, ಇಲ್ಲಿಯ ಪ್ರತಿ ಮುಸ್ಲಿಮನೂ ಒಡೆಯ, ನಿಜಾಮ ಅದರ ಗುರುತು ಅಷ್ಟೆ. ಒಪ್ಪೊತ್ತಿನ ಜೋಳದ ರೊಟ್ಟಿಗೆ ಪರದಾಡುವ ಟಾಂಗಾದವನಿಗೂ ನೇಕಾರನಿಗೂ ಸಿಂಹಾಸನದಲ್ಲಿ ಒಂದು ಪಾಲು ಸಿಕ್ಕಿತು, ಮಾತಿನಲ್ಲಿ. ರಾಜ್ಯದ ಜನರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಹಿಂದೂಗಳು. ಅವರ ಪಾಲು ಎಲ್ಲಿ ಎಂಬ ಪ್ರಶ್ನೆ ಆ ಲೆಕ್ಕದೊಳಗೆ ಬರುವಂತಿರಲಿಲ್ಲ. ರಜಾಕಾರ್ ಎಂಬ ಸ್ವಯಂಸೇವಕರ ಪಡೆ ಮೊಳೆತದ್ದೂ ಆ ವರ್ಷಗಳಲ್ಲೇ.

1938ನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಹುಟ್ಟುವ ಮೊದಲೇ ಸರಕಾರ ನಿಷೇಧಿಸಿತು. ಅದೇ ತಿಂಗಳ ಕೊನೆಗೆ ಮ್ಯೂನಿಕ್‌ನಲ್ಲಿ ಬ್ರಿಟನ್, ಫ್ರಾನ್ಸ್ ಸೇರಿ ಚೆಕೊಸ್ಲೊವಾಕಿಯಾದ ಸುಡೆಟನ್ ನಾಡನ್ನು ಹಿಟ್ಲರನಿಗೆ ಬಿಟ್ಟುಕೊಟ್ಟವು. ಅಕ್ಟೋಬರ್ 24ರಿಂದ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹ. ಸ್ವಾಮಿ ರಮಾನಂದ ತೀರ್ಥ ಜೈಲಿಗೆ. ನವೆಂಬರ್ ಎರಡನೆಯ ವಾರದಲ್ಲಿ ಜರ್ಮನಿಯ ಯಹೂದಿಗಳ ಅಂಗಡಿ, ಮಂದಿರಗಳು ಒಂದೇ ರಾತ್ರಿ ಬೆಂಕಿಗೆ ಬಿದ್ದವು. ತಿಂಗಳ ಕೊನೆಗೆ ಉಸ್ಮಾನಿಯಾದ ಹಾಸ್ಟೆಲಿನಲ್ಲಿ ವಂದೇ ಮಾತರಂ ಹಾಡಿದ ಹುಡುಗರನ್ನು ಹೊರಹಾಕಲಾಯಿತು. ಕಿಚ್ಚು ಕಲಬುರಗಿಯ ಕಾಲೇಜಿಗೂ ತಗುಲಿತು. ಹೊರಬಿದ್ದ ಹುಡುಗರಲ್ಲಿ ಪಿ.ವಿ. ನರಸಿಂಹ ರಾವ್ ಒಬ್ಬರು. 1939ರಲ್ಲಿ ಆರ್ಯ ಸಮಾಜದ ಸತ್ಯಾಗ್ರಹ ಜೋರಾದಾಗ ಅದರ ನಾಯಕ ಮಹಾತ್ಮ ನಾರಾಯಣ ಸ್ವಾಮಿ ಬಂಧನಕ್ಕೆ ಆರಿಸಿಕೊಂಡ ಊರು ಕಲಬುರಗಿ. ಅದೇ ಗದ್ದಲದ ಹಿಂದೂ ಮಹಾಸಭಾ ತಂಡವೊಂದರ ಮುಂದಾಳಾಗಿ ಬಂದು ನಿಜಾಮನ ಜೈಲು ಕಂಡವರಲ್ಲಿ ನಾಥೂರಾಮ್ ಗೋಡ್ಸೆ ಎಂಬ ಪುಣೆಯ ಯುವಕನೂ ಇದ್ದ. ಒಂದೇ ಚಳವಳಿಯೊಳಗೆ ಗಾಂಧಿಯ ಮಾತಿಗೆ ನಿಲ್ಲುವವರೂ ಇದ್ದರು, ಗಾಂಧಿಯನ್ನು ಮುಂದೆ ಕೊಲ್ಲುವವನೂ ಇದ್ದ.

1939ರ ಸೆಪ್ಟೆಂಬರಿನಲ್ಲಿ ಪೋಲೆಂಡಿನ ಮೇಲೆ ದಾಳಿ. ಬ್ರಿಟಿಷ್ ಇಂಡಿಯಾದ ಜೊತೆ ಸಂಸ್ಥಾನಗಳನ್ನು ಒಕ್ಕೂಟಕ್ಕೆ ಸೇರಿಸುವ ಮಾತುಕತೆ ನಡೆದಿತ್ತು. ಯುದ್ಧ ಅದನ್ನು ನಿಲ್ಲಿಸಿತು. ನನ್ನ ಲೆಕ್ಕದಲ್ಲಿ ಹೈದರಾಬಾದಿನ ಪಾಲಿಗೆ ಯುದ್ಧದ ಅತಿ ದೊಡ್ಡ ಪರಿಣಾಮ ಅದೇ. ಸುಧಾರಣೆಯ ಒತ್ತಡ ಹೋಗಿ, ದಿಲ್ಲಿಯ ಬ್ರಿಟಿಷರಿಗೆ ನಿಜಾಮನ ಹಣ, ಧಾನ್ಯ, ಸಿಪಾಯಿಗಳು ಬೇಕಾದರು. ಕೊಟ್ಟ ಹಣದ ಗುರುತಾಗಿ ಬ್ರಿಟಿಷ್ ವಾಯುಪಡೆಯ 152ನೇ ಸ್ಕ್ವಾಡ್ರನ್ನಿಗೆ ಹೈದರಾಬಾದಿನ ಹೆಸರು ಬಿತ್ತು. 1940ರಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಮೇಲೆ ಹಿಟ್ಲರನ ವಿಮಾನಗಳ ಜೊತೆ ಕಾದಾಡಿದ ಆ ಸ್ಪಿಟ್‌ಫೈರ್ ಪಡೆಯ ಲಾಂಛನ ನಿಜಾಮನ ಶಿರಸ್ತ್ರಾಣ.

ನಿಜಾಮನ ಸಿಪಾಯಿಗಳ ಪಾಲಿಗೆ ಬಂದದ್ದು ಇನ್ನೊಂದು ದಿಕ್ಕಿನ ಯುದ್ಧ. 1941ರ ಡಿಸೆಂಬರ್ 8ರ ನಡುರಾತ್ರಿ, ಪರ್ಲ್ ಹಾರ್ಬರಿಗೆ ಬಾಂಬು ಬೀಳುವುದಕ್ಕೂ ಕೊಂಚ ಮೊದಲು, ಜಪಾನಿಗಳು ಮಲಯಾದ ಕೋಟಾ ಭಾರು ಕಡಲ ದಂಡೆಯಲ್ಲಿ ಇಳಿದರು. ಅಲ್ಲಿಯ ವಿಮಾನ ನಿಲ್ದಾಣದ ಕಾವಲಿಗಿದ್ದದ್ದು ಹೈದರಾಬಾದಿನ ಒಂದನೇ ಪದಾತಿ ದಳ. ಗೊಂದಲದಲ್ಲಿ ದಳ ಚದುರಿತು; ತಡೆಯಲು ಹೋದ ಅವರ ಕರ್ನಲ್ ಹೆಂಡ್ರಿಕ್ಸ್ ತಮ್ಮವರದೇ ಗುಂಡಿಗೆ ಬಲಿಯಾದರೆಂದು ಯುದ್ಧ ಚರಿತ್ರೆಗಳು ಹೇಳುತ್ತವೆ. ಇತ್ತ ಹೈದರಾಬಾದಿನ ಇನ್ನೊಬ್ಬ ಯುವಕ, ಬರ್ಲಿನ್ನಿನಲ್ಲಿ ಓದುತ್ತಿದ್ದ ಆಬಿದ್ ಹಸನ್, ಸುಭಾಷ್ ಚಂದ್ರ ಬೋಸರ ಕಾರ್ಯದರ್ಶಿಯಾಗಿ 1943ರಲ್ಲಿ ಜರ್ಮನ್ ಜಲಾಂತರ್ಗಾಮಿಯಲ್ಲಿ ಪೂರ್ವಕ್ಕೆ ಪಯಣಿಸಿದ. ‘ಜೈ ಹಿಂದ್’ ಎಂಬ ವಂದನೆ ಅವನ ಕೊಡುಗೆ ಎನ್ನುತ್ತಾರೆ. ನಿಜಾಮನ ಒಂದೇ ರಾಜ್ಯದ ಮಕ್ಕಳು ಯುದ್ಧದ ಎರಡೂ ಪಕ್ಕಗಳಲ್ಲಿ.

ಸೇಡಂ, ಚಿತ್ತಾಪುರದ ರೈತನ ಮನೆಗೆ ಯುದ್ಧ ಬಂದದ್ದು ಲೇವಿಯ ರೂಪದಲ್ಲಿ. ಬೆಳೆದ ಧಾನ್ಯದಲ್ಲಿ ಇಷ್ಟು ಸರಕಾರಕ್ಕೆ, ಸರಕಾರ ಹೇಳಿದ ಬೆಲೆಗೆ. ಅಳೆಯುವವರು ಊರಿನ ಪಟೇಲ, ಪಟವಾರಿಗಳು. ದೊಡ್ಡವರ ಕಣಜ ತಪ್ಪಿಸಿಕೊಂಡಿತು, ಸಣ್ಣವರದು ಬರಿದಾಯಿತು. ತೆಲಂಗಾಣದಲ್ಲಿ ಇದೇ ಲೇವಿ ಕಮ್ಯುನಿಸ್ಟ್ ಹೋರಾಟಕ್ಕೆ ಹುಲ್ಲು ಹಾಕಿತು.

1944ರ ಜೂನಿನಲ್ಲಿ ಬಹಾದೂರ್ ಯಾರ್ ಜಂಗ್ ಹಠಾತ್ತನೆ ತೀರಿಕೊಂಡರು. ಎರಡು ವರ್ಷದ ನಂತರ ಮಜ್ಲಿಸ್ ರಜ್ವಿಯ ಕೈಗೆ ಬಂತು. ಅಷ್ಟರಲ್ಲಿ ಮುಸೊಲಿನಿ ಮಿಲಾನಿನ ಚೌಕದಲ್ಲಿ ತಲೆಕೆಳಗಾಗಿ ತೂಗಿಯಾಗಿತ್ತು, ಹಿಟ್ಲರ್ ಬಂಕರಿನಲ್ಲಿ ಸತ್ತಿದ್ದ, ನ್ಯೂರೆಂಬರ್ಗಿನ ತೀರ್ಪೂ ಬಂದಿತ್ತು. ಲೋಕದ ಉಳಿದೆಡೆ ಅಂಗಿ ಕಳಚುವ ಹೊತ್ತಿನಲ್ಲಿ ಹೈದರಾಬಾದಿನಲ್ಲಿ ತೊಡುವುದು ಶುರುವಾಯಿತು. ರಜಾಕಾರರ ಪಡೆ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ನಾಯಕನಿಗೂ ಸಂಘಟನೆಗೂ ಪ್ರಾಣ ಕೊಡುವ ಪ್ರತಿಜ್ಞೆ, ಬಂದೂಕು ಸಿಕ್ಕವರಿಗೆ ಬಂದೂಕು, ಇಲ್ಲದವರಿಗೆ ಭರ್ಚಿ, ಕತ್ತಿ. ಎರಡು ಲಕ್ಷ ಎಂದು ರಜ್ವಿಯ ಕಡೆಯವರ ಬಾಯಿಲೆಕ್ಕ. ಪೊಲೀಸ್ ಠಾಣೆಗೂ ರಜಾಕಾರರ ಠಾಣ್ಯಕ್ಕೂ ಗೆರೆ ಅಳಿಸುತ್ತ ಹೋಯಿತು. ಕೆಂಪು ಕೋಟೆಯ ಮೇಲೆ ಆಸಫ್ ಜಾಹಿ ಬಾವುಟ ಹಾರಿಸುತ್ತೇನೆ ಎಂಬ ಧಾಟಿಯ ರಜ್ವಿಯ ಭಾಷಣಗಳನ್ನು ದಿಲ್ಲಿ ಒಂದೊಂದಾಗಿ ಕಡತಕ್ಕೆ ಸೇರಿಸಿಕೊಳ್ಳುತ್ತಿತ್ತು.

ನಿಜಾಮ ಇವನನ್ನು ಯಾಕೆ ಸಹಿಸಿದ? ದಿಲ್ಲಿಯ ಜೊತೆ ಚೌಕಾಸಿಗೆ ಅವನೊಂದು ಹತ್ಯಾರು ಎಂದುಕೊಂಡ. ನಾನೇನೋ ಒಪ್ಪುತ್ತೇನೆ, ನನ್ನ ಜನ ಒಪ್ಪುವುದಿಲ್ಲ ಎನ್ನಲು ಒಂದು ನೆಪ. 1933ರಲ್ಲಿ ಜರ್ಮನಿಯ ವಾನ್ ಪಾಪೆನ್ ಹಿಟ್ಲರನನ್ನು ಮಂತ್ರಿಮಂಡಲದೊಳಗೆ ತಂದು, ನಾವು ಅವನನ್ನು ಬಾಡಿಗೆಗೆ ಹಿಡಿದಿದ್ದೇವೆ ಎಂದು ಬೀಗಿದ ಹಾಗೆ. ಹುಲಿ ಸವಾರಿಗೆ ಹತ್ತಿದವರು ಇಳಿಯುವ ಜಾಗವನ್ನು ತಾವೇ ಆರಿಸಿದ ನಿದರ್ಶನ ಚರಿತ್ರೆಯಲ್ಲಿ ನನಗಂತೂ ಸಿಕ್ಕಿಲ್ಲ. 1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ರುಜು ಬಿತ್ತು ನಿಜ. ಆದರೆ ಹೊಸ ಪ್ರಧಾನಿ ಮೀರ್ ಲಾಯಕ್ ಅಲಿಯ ಸರಕಾರದ ಬೆನ್ನ ಹಿಂದೆ ರಜ್ವಿ ಇದ್ದ. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ, ಭಾರತದ ನಾಣ್ಯದ ಮೇಲೆ ನಿರ್ಬಂಧ, ಸಿಡ್ನಿ ಕಾಟನ್ ಎಂಬ ಸಾಹಸಿಯ ವಿಮಾನಗಳಲ್ಲಿ ಕಳ್ಳದಾರಿಯ ಆಯುಧ.

1948ರ ಬೇಸಿಗೆ ಕೆಟ್ಟದಾಗಿತ್ತು. ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು ಎಂದು ಆ ಊರಿನ ನೆನಪು. ಅದೇ ವರ್ಷ ಭಾಲ್ಕಿ ತಾಲೂಕಿನ ವರವಟ್ಟಿಯಲ್ಲಿ ಮನೆಗೆ ಬಿದ್ದ ಬೆಂಕಿಯಲ್ಲಿ ತಾಯಿಯನ್ನೂ ತಂಗಿಯನ್ನೂ ಕಳೆದುಕೊಂಡ ಹುಡುಗ ತಂದೆಯ ಜೊತೆ ಕಲಬುರಗಿಗೆ ಬಂದ, ಮಲ್ಲಿಕಾರ್ಜುನ ಖರ್ಗೆ. ಅರವತ್ತು ವರ್ಷದ ಮೇಲೆ, 2008ರಲ್ಲಿ, ಅವರು ಚಿತ್ತಾಪುರದ ಶಾಸಕರಾದರು.

ಆಳಂದ, ಅಫಜಲಪುರದವರಿಗೆ ಒಂದು ಅನುಕೂಲವಿತ್ತು: ಗಡಿ ಹತ್ತಿರ. ರಾತ್ರಿ ನಡೆದರೆ ಬೆಳಗಾಗುವುದರೊಳಗೆ ಭಾರತದ ನೆಲ, ಅಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಗಡಿ ಶಿಬಿರಗಳು. ಸೇಡಂ, ಚಿಂಚೋಳಿ ರಾಜ್ಯದ ಒಳಹೊಟ್ಟೆಯಲ್ಲಿದ್ದವು. ಸಂಸಾರ ಕಟ್ಟಿಕೊಂಡು ತಪ್ಪಿಸಿಕೊಳ್ಳುವವರಿಗೆ ಇದ್ದ ದೊಡ್ಡ ದಾರಿ ರೈಲು: ವಾಡಿಗೆ ಬರಬೇಕು, ಬಾಂಬೆ ಗಾಡಿ ಹಿಡಿಯಬೇಕು, ಶಹಾಬಾದ್, ಕಲಬುರಗಿ, ಗಾಣಗಾಪುರ ರೋಡ್ ದಾಟಬೇಕು. ಮುಂದೆ ದುಧನಿ. ಅಲ್ಲಿಗೆ ನಿಜಾಮನ ರಾಜ್ಯ ಮುಗಿಯಿತು. ಮೇ 22ರಂದು ರಜಾಕಾರರು ದಾಳಿ ಮಾಡಿದ್ದು ಸರಿಯಾಗಿ ಆ ಗಾಣಗಾಪುರ ನಿಲ್ದಾಣದಲ್ಲಿ, ಆ ಹಾದಿಯ ಗಾಡಿಯ ಮೇಲೆ. ದತ್ತಾತ್ರೇಯನ ಪಾದುಕೆಗೆ ಹೋಗುವ ಭಕ್ತರು ಇಳಿಯುವ ಜಾಗ ಅದು. ಸುದ್ದಿ ದೇಶವೆಲ್ಲ ಹಬ್ಬಿ ದಿಲ್ಲಿಯ ಮೇಲೆ ಒತ್ತಡ ಏರಿತು. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿಯವರಿಗೆ ಅದರ ಅರ್ಥ ಇನ್ನೂ ಹತ್ತಿರದ್ದು: ಹೊರಬಾಗಿಲಿಗೆ ಚಿಲಕ ಬಿದ್ದಿತ್ತು.

ಜೂನಿನಲ್ಲಿ ಮೌಂಟ್‌ಬ್ಯಾಟನ್ ಮಾಡಿದ ಕೊನೆಯ ಯತ್ನವೂ ಮುರಿಯಿತು. ಆಗಸ್ಟ್ 21ರಂದು ಹೈದರಾಬಾದ್ ಸರಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಬರೆಯಿತು, ಭಾರತ ತನ್ನನ್ನು ಬೆದರಿಸುತ್ತಿದೆ ಎಂದು. ಫ್ಯಾಸಿಸಂ ಸೋತ ಮೇಲೆ ಕಟ್ಟಿದ ಮನೆಯ ಬಾಗಿಲು ತಟ್ಟಿದ ಅದೇ ದಿನದ ರಾತ್ರಿ, ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಕಚೇರಿಯಿಂದ ಮನೆಗೆ ನಡೆದು ಹೋಗುವಾಗ ಅವರನ್ನು ಗುಂಡಿಕ್ಕಿ ಕೆಡವಿ, ಬರೆಯುವ ಕೈಯನ್ನು ಕತ್ತರಿಸಿದರು. ಹೈದರಾಬಾದ್ ಭಾರತಕ್ಕೆ ಸೇರಲಿ ಎಂದು ಬರೆದದ್ದೇ ತಪ್ಪು. ರಜಾಕಾರರ ಕಥೆಯನ್ನು ಮುಸ್ಲಿಮರ ಕಥೆ ಮಾಡಿ ಮುಗಿಸುವವರು ಈ ಹೆಸರಿನ ಮುಂದೆ ಸ್ವಲ್ಪ ನಿಲ್ಲಬೇಕು.

ಸೆಪ್ಟೆಂಬರ್ 13ರ ನಸುಕಿನಲ್ಲಿ ಮೇಜರ್ ಜನರಲ್ ಜೆ.ಎನ್. ಚೌಧರಿಯ ಪಡೆ ಸೊಲ್ಲಾಪುರದಿಂದ ಹೊರಟಿತು. ನಳದುರ್ಗ, ಹುಮನಾಬಾದ್, ಜಹೀರಾಬಾದ್. ಚಿಂಚೋಳಿಯ ಉತ್ತರಕ್ಕೆ ಟ್ಯಾಂಕುಗಳು ಹಾದುಹೋದವು. ಕತ್ತಿ, ಭರ್ಚಿಯ ಪಡೆ ಟ್ಯಾಂಕಿನ ಮುಂದೆ ಎಷ್ಟು ಹೊತ್ತು ನಿಂತೀತು? 17ರ ಸಂಜೆ ನಿಜಾಮ ರೇಡಿಯೋದಲ್ಲಿ ಕದನ ನಿಲ್ಲಿಸಿದ, ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್ ಶರಣಾದ. ಚಿಂಚೋಳಿಯಲ್ಲಿ ಹುಟ್ಟಿ, ಆಗ ಇಪ್ಪತ್ತನಾಲ್ಕರ ಹರೆಯದಲ್ಲಿದ್ದ ವೀರೇಂದ್ರ ಪಾಟೀಲ ಇಪ್ಪತ್ತು ವರ್ಷದೊಳಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು.

ಎರಡು ಅಕ್ಟೋಬರ್‌ಗಳ ಹೋಲಿಕೆ ಇಲ್ಲಿ ಮುರಿಯುತ್ತದೆ. ಇಟಲಿಯ ದೊರೆ ಮುಸೊಲಿನಿಯನ್ನು 1943ರಲ್ಲಿ ಇಳಿಸಿದರೂ ಸಿಂಹಾಸನ ಉಳಿಯಲಿಲ್ಲ. 1946ರಲ್ಲಿ ಪಟ್ಟ ಬಿಟ್ಟು ಈಜಿಪ್ಟಿಗೆ ಹೋಗಿ ಮರುವರ್ಷ ಅಲ್ಲೇ ಸತ್ತ. ನಿಜಾಮನನ್ನು ದಿಲ್ಲಿ 1950ರಲ್ಲಿ ರಾಜಪ್ರಮುಖನನ್ನಾಗಿ ಮಾಡಿ, 1956ರಲ್ಲಿ ರಾಜ್ಯವೇ ಒಡೆಯುವವರೆಗೆ ಗೌರವದಿಂದ ಇಟ್ಟುಕೊಂಡಿತು. ರಜ್ವಿ 1957ರವರೆಗೆ ಜೈಲಿನಲ್ಲಿದ್ದು ಪಾಕಿಸ್ತಾನಕ್ಕೆ ಹೋದ, 1970ರಲ್ಲಿ ಕರಾಚಿಯಲ್ಲಿ ತೀರಿಕೊಂಡ. ಬಾಡಿಗೆಗೆ ಹಿಡಿದವನೂ ಬಾಡಿಗೆಗೆ ಬಂದವನೂ ಹಾಸಿಗೆಯ ಮೇಲೇ ಸತ್ತರು.

ಲೆಕ್ಕ ತೀರಿಸಿದವರು ಬೇರೆ. ‘ಪೊಲೀಸ್ ಆಕ್ಷನ್’ ಎಂದು ಕರೆದ ಆ ಸೆಪ್ಟೆಂಬರ್ ಕಾರ್ಯಾಚರಣೆಯ ನಂತರದ ವಾರಗಳಲ್ಲಿ ರಜಾಕಾರರ ಮೇಲಿನ ಸಿಟ್ಟು ಯಾವ ಪಡೆಗೂ ಸೇರದ ಮುಸ್ಲಿಂ ಮನೆಗಳ ಮೇಲೆ ತಿರುಗಿತು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ತಂಡ 1948ರ ನವೆಂಬರ್ ಕೊನೆಯಿಂದ ಡಿಸೆಂಬರಿನವರೆಗೆ ಜಿಲ್ಲೆಗಳನ್ನು ಸುತ್ತಿತು. ರಾಜ್ಯದಲ್ಲಿ ಸತ್ತವರು 27,000ದಿಂದ 40,000 ಎಂದು ಅವರ ಅಂದಾಜು. ಅತಿ ಹೆಚ್ಚು ಪೆಟ್ಟು ಬಿದ್ದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ. ರಜಾಕಾರರ ಕೈಯಲ್ಲಿ ಜನ ಅತಿ ಹೆಚ್ಚು ನರಳಿದ್ದೂ ಇವೇ ನಾಲ್ಕರಲ್ಲಿ ಎಂದು ಅದೇ ವರದಿ ಬರೆಯಿತು. ಕೊಲೆ, ಲೂಟಿ, ಹೆಣ್ಣುಮಕ್ಕಳ ಅಪಹರಣದ ಜೊತೆಗೆ ಅವರು ಗುರುತಿಸಿದ ಇನ್ನೊಂದು ಸಂಗತಿ: ಹಿಂದೂಗಳು ಮುಸ್ಲಿಂ ನೆರೆಯವರನ್ನು ಕಾಪಾಡಿದ ಊರುಗಳೂ ಇದ್ದವು, ಒಂದೇ ಕಸುಬಿನವರ ನಡುವೆ ಇದು ಹೆಚ್ಚು, ಕೆಲವೆಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ಅಡ್ಡ ನಿಂತಿದ್ದರು.

ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. ಕಲಬುರಗಿಯಲ್ಲಿ ಪ್ರತಿ ಸೆಪ್ಟೆಂಬರ್ 17ಕ್ಕೆ ಬಾವುಟ ಏರುತ್ತ ಹೋಯಿತು. 2019ರಿಂದ ಅದಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ಎಂಬ ಹೆಸರು. ಸುಂದರಲಾಲರ ಪುಟಗಳು ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಾರ್ವಜನಿಕರ ಕೈಗೆ ಸಿಕ್ಕದ್ದು 2013ರಲ್ಲಿ.